ನಿವೃತ್ತಿಯ ನೆಲೆ ಹುಡುಕಿಕೊಡುವ ಸೇವೆ: ಪಟ್ಟಿ ಸಾಧಾರಣ, ಪ್ರಯೋಗವಾಸ ಅತ್ಯುತ್ತಮ

ನಿವೃತ್ತರಾದ ಮೇಲೆ ಎಲ್ಲಿಗೆ ಹೋಗಿ ನೆಲೆಸಬೇಕು ಎಂಬ ಪ್ರಶ್ನೆಗೆ ಶುಲ್ಕ ಪಡೆದು ಉತ್ತರ ಹೇಳುವ ಒಂದು ಆನ್‌ಲೈನ್ ಸಲಹಾ ಸೇವೆಯನ್ನು ನಾನೂ ನನ್ನ ಪತ್ನಿಯೂ ಎಂಟು ತಿಂಗಳು ಬಳಸಿದೆವು. ಊರು ಹೋಗು, ಕಾಡು ಬಾ ಎನ್ನುವ ವಯಸ್ಸಿನಲ್ಲಿ ಯಾವ ಊರು ಬಾ ಎನ್ನುತ್ತದೆಂದು ಹುಡುಕುವುದು ಸ್ವಲ್ಪ ತಮಾಷೆಯ ಕೆಲಸವೇ ಸರಿ. ಸೇವೆಯ ಹೆಸರನ್ನು ಬರೆಯುತ್ತಿಲ್ಲ. ನಾವು ವಿಚಾರಿಸಿದ ಇಂಥ ಸೇವೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವಾಗಿದ್ದುದರಿಂದ ಇಲ್ಲಿ ಹೇಳುವ ಗುಣದೋಷಗಳು ಬೇರೆಯದನ್ನು ಬಳಸುವವರಿಗೂ ಉಪಯೋಗಕ್ಕೆ ಬಂದಾವು. ಮೊದಲು ಪ್ರಶ್ನಾವಳಿಯೊಂದನ್ನು ತುಂಬಬೇಕು; ಅದರ ಆಧಾರದ ಮೇಲೆ ಅವರು ಅಂಕಗಳ ಸಮೇತ ಹತ್ತು ಸ್ಥಳಗಳ ಪಟ್ಟಿ ಕಳುಹಿಸುತ್ತಾರೆ; ಆ ಹತ್ತರಲ್ಲಿ ಎರಡು ಕಡೆ ಹದಿನಾಲ್ಕು ಹದಿನಾಲ್ಕು ದಿನ ಬಾಡಿಗೆ ಮನೆಯಲ್ಲಿದ್ದು ನೋಡುವ ಅವಕಾಶವೂ, ಅಂದರೆ ಪ್ರಯೋಗವಾಸವೂ, ಅದೇ ಶುಲ್ಕದಲ್ಲಿ ಸೇರಿದೆ.

ಪ್ರಶ್ನಾವಳಿ ದೀರ್ಘವಾಗಿದೆ, ಆದರೆ ಅದು ವಿಚಾರಿಸುವುದು ಇಂದಿನ ನಮ್ಮನ್ನು ಮಾತ್ರ. ಸಮುದ್ರ ಇಷ್ಟವೋ ಬೆಟ್ಟವೋ, ಚಳಿ ಹಿಡಿಸುತ್ತದೆಯೋ ಇಲ್ಲವೋ, ವಾರಕ್ಕೆ ಎಷ್ಟು ಸಲ ಹೊರಗೆ ಊಟ ಮಾಡುತ್ತೀರಿ ಎಂದೆಲ್ಲ ಕೇಳುವವರು ಎಂಬತ್ತನೆಯ ವಯಸ್ಸಿನಲ್ಲಿ ಕಾರು ಓಡಿಸುವುದನ್ನು ಬಿಟ್ಟ ಮೇಲೆ ಔಷಧಿ ಅಂಗಡಿಗೆ ಹೇಗೆ ಹೋಗುತ್ತೀರಿ ಎಂದು ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 33 ನಗರಗಳಲ್ಲಿ ಹಿರಿಯರನ್ನೇ ವಿಚಾರಿಸಿ 2007ರಲ್ಲಿ ವಯೋಸ್ನೇಹಿ ನಗರಗಳ ಕುರಿತು ಒಂದು ಮಾರ್ಗದರ್ಶಿಯನ್ನು ಹೊರತಂದಿತು. ಅದರಲ್ಲಿರುವ ಎಂಟು ವಿಷಯಗಳು ಸಾರ್ವಜನಿಕ ಸ್ಥಳ ಮತ್ತು ಕಟ್ಟಡ, ಸಾರಿಗೆ, ವಸತಿ, ಸಾಮಾಜಿಕ ಒಡನಾಟ, ಗೌರವ, ನಾಗರಿಕ ಪಾತ್ರ ಮತ್ತು ಉದ್ಯೋಗ, ಮಾಹಿತಿ, ಸಮುದಾಯದ ನೆರವು ಮತ್ತು ಆರೋಗ್ಯ ಸೇವೆ. ಹಿತವಾದ ಹವೆ, ಸುಂದರ ನೋಟ ಎಂಬ ವಿಷಯಗಳೇ ಅಲ್ಲಿಲ್ಲ. ನಮ್ಮ ಪ್ರಶ್ನಾವಳಿಯ ಅರ್ಧ ಭಾಗ ಅವುಗಳಿಗೇ ಮೀಸಲಾಗಿತ್ತು.

ಆದ್ದರಿಂದ ಪಟ್ಟಿ ಬಂದಾಗ ಮೊದಲ ಸ್ಥಾನದಲ್ಲಿ 2,400 ಮೀಟರ್ ಎತ್ತರದ ಒಂದು ಗಿರಿಪಟ್ಟಣವಿದ್ದುದರಲ್ಲಿ ಆಶ್ಚರ್ಯವಿರಲಿಲ್ಲ. ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುವುದರಿಂದ ತಂಪು ಬೇಕೆಂದವರಿಗೆ ಎತ್ತರದ ಸ್ಥಳ ಸೂಚಿಸುವುದು ಸಹಜ. ಆದರೆ ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಕಾಲುಭಾಗ ಕಡಿಮೆ, ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ನನ್ನ ಪತ್ನಿಗೆ ಹೃದಯದ ಕವಾಟದ ತೊಂದರೆಯಿದೆ ಎಂಬುದನ್ನು ನಾವು ಅದೇ ಪ್ರಶ್ನಾವಳಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೆವು. ಆಸ್ಪತ್ರೆಯ ಅಂಕವೂ ಹೀಗೆಯೇ, ಬರೀ ದೂರದ ಲೆಕ್ಕ. ಪಾರ್ಶ್ವವಾಯು ಬಡಿದಾಗ ಮೆದುಳಿನ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ರಕ್ತಸ್ರಾವವಾಗಿಲ್ಲವೆಂದು ಸ್ಕ್ಯಾನ್ ಮಾಡಿ ನೋಡಬೇಕು. ಹೀಗಿರುವಾಗ ಆಸ್ಪತ್ರೆ ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ ರಾತ್ರಿ ಎರಡು ಗಂಟೆಗೆ ಅಲ್ಲಿ ಸ್ಕ್ಯಾನ್ ಮಾಡುವವರು ಇರುತ್ತಾರೆಯೇ, ಅಲ್ಲಿಗೆ ನಮ್ಮನ್ನು ಕರೆದೊಯ್ಯುವವರು ಯಾರು ಎಂಬುದು ಮುಖ್ಯ.

ಹೊರದೇಶಗಳ ವಿಷಯದಲ್ಲಿ ಪಟ್ಟಿ ಇನ್ನೂ ದುರ್ಬಲವಾಗಿದೆ. ತೆರಿಗೆ ರಿಯಾಯಿತಿಯನ್ನು ಅದು ಬೆಟ್ಟಗುಡ್ಡಗಳಂತೆ ಶಾಶ್ವತವೆಂದು ಎಣಿಸಿ ಅಂಕ ಕೊಟ್ಟಿದೆ. ಪೋರ್ಚುಗಲ್ 2009ರಲ್ಲಿ ಆರಂಭಿಸಿ ಹೊರದೇಶದ ಅನೇಕ ಪಿಂಚಣಿದಾರರನ್ನು ಸೆಳೆದ ವಿಶೇಷ ತೆರಿಗೆ ವ್ಯವಸ್ಥೆಯು 2020ರಲ್ಲಿ ಬಿಗಿಯಾಗಿ, 2024ರಿಂದ ಹೊಸಬರಿಗೆ ಮುಚ್ಚಿಯೇ ಹೋದದ್ದನ್ನು ನೆನೆದರೆ ಆ ಅಂಕಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ತಿಳಿಯುತ್ತದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿ ನೆಲೆಸಿದರೆ ಅವರ ಪಿಂಚಣಿಗೆ ವಾರ್ಷಿಕ ಏರಿಕೆ ಸಿಗುವುದಿಲ್ಲ, ಹಿರಿಯರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ಆ ದೇಶದ ಹೊರಗಿನ ಚಿಕಿತ್ಸೆಗೆ ಕೆಲವು ಅಪವಾದಗಳನ್ನು ಬಿಟ್ಟರೆ ಹಣ ಕೊಡುವುದಿಲ್ಲ ಎಂಬಂಥ ಸಂಗತಿಗಳಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ. ಜೀವನವೆಚ್ಚಕ್ಕೆ ಒಂದೇ ಒಂದು ಅಂಕಿ ಇದೆ, ಅದೂ ಇಂದಿನದು. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ವೆಚ್ಚ ಇಮ್ಮಡಿಯಾಗುವ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕಾಯಿತು.

ಇಷ್ಟೆಲ್ಲ ಆಕ್ಷೇಪಗಳಿದ್ದರೂ ಈ ಸೇವೆಯನ್ನು ನಾನು ತಳ್ಳಿಹಾಕದಿರುವುದಕ್ಕೆ ಪ್ರಯೋಗವಾಸವೇ ಕಾರಣ. ಪಟ್ಟಿಯಲ್ಲಿ ಎರಡನೆಯದಾಗಿದ್ದ ಸ್ಥಳವನ್ನು ಆರಿಸಿಕೊಂಡು, ಅಲ್ಲಿ ವರ್ಷದಲ್ಲೇ ಅತಿ ಕೆಟ್ಟ ಹವೆಯಿರುವ ಎರಡು ವಾರಗಳು ಬೇಕೆಂದು ಕೇಳಿದೆವು. ಫೋನಿನಲ್ಲಿದ್ದ ಸಿಬ್ಬಂದಿ ತಪ್ಪಾಗಿ ಕೇಳಿಸಿತೆಂದು ಭಾವಿಸಿ ಎರಡು ಸಲ ಖಚಿತಪಡಿಸಿಕೊಂಡರು. ಮನೆ ಚೊಕ್ಕಟವಾಗಿತ್ತು, ಬೀಗದ ಕೈ ಸಮಯಕ್ಕೆ ಸಿಕ್ಕಿತು, ಬಿಸಿನೀರು ಕೈಕೊಡಲಿಲ್ಲ. ಬಸ್ ನಿಲ್ದಾಣ ‘ಆರು ನಿಮಿಷದ ನಡಿಗೆ’ ಎಂದು ವಿವರಣೆಯಲ್ಲಿದ್ದುದು ಇಳಿಯುವಾಗಿನ ಮಾತು. ಸುರಿಯುವ ಮಳೆಯಲ್ಲಿ ಎರಡು ಚೀಲ ಹಿಡಿದು ಅದೇ ಇಳಿಜಾರನ್ನು ಏರಲು ನಮಗೆ ಹದಿನೇಳು ನಿಮಿಷ ಹಿಡಿಯಿತು, ನಡುವೆ ಮೂರು ಕಡೆ ನಿಂತೆವು. ಜೊತೆಗೊಯ್ದಿದ್ದ ಟೇಪಿನಲ್ಲಿ ಬಚ್ಚಲುಮನೆಯ ಬಾಗಿಲನ್ನು ಅಳೆದಾಗ 61 ಸೆಂಟಿಮೀಟರ್ ಬಂತು. ಗಾಲಿಕುರ್ಚಿ ಸಲೀಸಾಗಿ ದಾಟಬೇಕಾದರೆ 80 ಸೆಂಟಿಮೀಟರಾದರೂ ಬೇಕು. ಮುಂಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು 45 ಸೆಂಟಿಮೀಟರ್ ಎತ್ತರ. ಒಂದಕ್ಕೆ ಹನ್ನೆರಡರ ಅನುಪಾತದಲ್ಲಿ ಇಳಿಜಾರು ದಾರಿ ಕಟ್ಟಲು 5.4 ಮೀಟರ್ ಉದ್ದ ಬೇಕು, ಅಂಗಳದಲ್ಲಿದ್ದುದು ಎರಡು ಮೀಟರ್. ನಿವೃತ್ತರಿಗೆಂದೇ ಆರಿಸಿದ ಮನೆಯ ಅಳತೆ ಇದು.

ಒಂಬತ್ತನೆಯ ದಿನದ ಹೊತ್ತಿಗೆ ನೋಡಬೇಕಾದ್ದೆಲ್ಲ ಮುಗಿಯಿತು. ಹತ್ತನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಕಿಟಕಿಯ ಪಕ್ಕ ಸುಮ್ಮನೆ ಕುಳಿತಿದ್ದಾಗ ಎದುರು ಮನೆಯ ವೃದ್ಧೆ ಮಾತಿಗೆ ಬಂದರು. ಬಿಸಿಲಿನಲ್ಲಿ ಬಂದು ಮನೆ ಕೊಂಡವರನ್ನೂ ಎರಡು ಮಳೆಗಾಲ ಕಳೆದು ಮಾರಿ ಹೋದವರನ್ನೂ ತಾವು ಬೇಕಾದಷ್ಟು ನೋಡಿರುವುದಾಗಿ ಹೇಳಿ ನಕ್ಕರು. ಅಂದು ರಾತ್ರಿ ಪತ್ನಿಯನ್ನು ಕೇಳಿದೆ: “ನಾನಿಲ್ಲದೆ ಹೋದರೆ ನೀನೊಬ್ಬಳೇ ಇಲ್ಲಿರುತ್ತೀಯಾ?” ಅವಳು ತಲೆಯೆತ್ತದೆ, “ಇಲ್ಲ ಕಣ್ರೀ. ನೀವಾದರೂ ಇರ್ತೀರಾ?” ಎಂದಳು. ನನಗೂ ಇರಲಾಗುತ್ತಿರಲಿಲ್ಲ. ಜೀವನದ ಘಟನೆಗಳ ಒತ್ತಡವನ್ನು ಅಳೆಯಲು ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ರೂಪಿಸಿದ ಮಾಪನದಲ್ಲಿ ವಾಸಸ್ಥಳದ ಬದಲಾವಣೆಗೆ 20, ನಿವೃತ್ತಿಗೆ 45, ಸಂಗಾತಿಯ ಸಾವಿಗೆ 100 ಅಂಕಗಳಿವೆ. ದಂಪತಿಗಳಿಗೆಂದೇ ಸೇವೆ ಮಾರುವವರ ಪ್ರಶ್ನಾವಳಿಯು ಮೊದಲೆರಡನ್ನು ಮಾತ್ರ ಬಲ್ಲದು. ಕೊನೆಗೆ ಉಳಿಯುವ ಒಬ್ಬರು ಎಲ್ಲಿರಬೇಕು ಎಂಬುದನ್ನು ಅದು ಕೇಳಿಯೇ ಇಲ್ಲ.

ಪಟ್ಟಿಗೆ ಐದರಲ್ಲಿ ಎರಡು, ಪ್ರಯೋಗವಾಸಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕನಿಷ್ಠ ಎರಡು ತಿಂಗಳು ಮುಂಚೆ ದಿನಾಂಕ ಕಾಯ್ದಿರಿಸಬೇಕು, ಒಮ್ಮೆ ಗೊತ್ತುಮಾಡಿದ ದಿನಾಂಕ ಬದಲಿಸಲು ಒಪ್ಪುವುದಿಲ್ಲ ಎಂಬುದನ್ನು ಬಳಸುವವರು ಗಮನಿಸಬೇಕು. ನಮ್ಮ ಎರಡನೆಯ ಪ್ರಯೋಗವಾಸಕ್ಕೆ ಪಟ್ಟಿಯಲ್ಲಿ ಏಳನೆಯದಾಗಿರುವ, ಫೋಟೋಗಳಲ್ಲಿ ತೀರಾ ಸಪ್ಪೆಯಾಗಿ ಕಾಣುವ ಒಂದು ಸಮತಟ್ಟು ಪಟ್ಟಣವನ್ನು ಆರಿಸಿದ್ದೇವೆ. ಬಚ್ಚಲುಮನೆಯ ಬಾಗಿಲಿನ ಅಳತೆ ತಿಳಿಸುವಂತೆ ಈ ಸಲ ಮುಂಚಿತವಾಗಿಯೇ ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.