ಮನೆಯಲ್ಲೇ ಕಾರಿನ ಆಯಿಲ್ ಚೇಂಜ್: ಜ್ಯಾಕಾ, ರಾಂಪಾ, ಪಂಪಾ?

ಮನೆಯಲ್ಲೇ ಇಂಜಿನ್ ಆಯಿಲ್ ಬದಲಿಸಲು ಹೊರಟವರು ಮೊದಲು ಕೇಳುವುದು ಯಾವ ಜ್ಯಾಕ್ ತಗೊಳ್ಳಲಿ, ಚಕ್ರ ಹತ್ತಿಸುವ ರಾಂಪ್ ಬೇಕಾ, ಆ ಆಯಿಲ್ ಎಳೆಯುವ ಪಂಪ್ ಒಳ್ಳೆಯದಾ ಅಂತ. ಅದೆಲ್ಲ ಆಮೇಲೆ. ಮೊದಲು ಬಾನೆಟ್ ಎತ್ತಿ ನಿಮ್ಮ ಕಾರಿನ ಆಯಿಲ್ ಫಿಲ್ಟರ್ ಎಲ್ಲಿದೆ ಅಂತ ನೋಡಿ. ಹಳೆಯ ಆಯಿಲನ್ನು ಹೇಗೆ ಬೇಕಾದರೂ ಹೊರಗೆ ತೆಗೆಯಬಹುದು. ಫಿಲ್ಟರ್ ಮಾತ್ರ ಹಾಗಲ್ಲ, ಅದು ಇರುವ ಕಡೆಗೇ ನೀವು ಹೋಗಬೇಕು. ಯಾವ ಸಾಮಾನು ಕೊಳ್ಳಬೇಕು ಅನ್ನುವುದನ್ನು ತೀರ್ಮಾನಿಸುವುದು ಅದೇ.

ನಮ್ಮ ಮನೆ ಮಂಗಳೂರಿನ ಕುಲಶೇಖರದ ಕಡೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇವೆ, ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಈ ಊರಿನಲ್ಲಿ ಪೂರ್ತಿ ಸಮತಟ್ಟಾದ ಅಂಗಳ ಎಷ್ಟು ಮನೆಗಿದೆ ಹೇಳಿ? ಕಾರು ಎರಡು. ನಮ್ಮದು ಪೆಟ್ರೋಲ್ ಸ್ವಿಫ್ಟ್, ಅದರ ಫಿಲ್ಟರ್ ಡಬ್ಬಿ ತರಹದ್ದು, ಕೆಳಗಿನಿಂದ ಕೈ ಹಾಕಿ ತಿರುಗಿಸಬೇಕು. ಇನ್ನೊಂದು ಭಾವನ ಡೀಸೆಲ್ ಐ20, 1.4 ಸಿಆರ್‌ಡಿಐ. ಅದರಲ್ಲಿ ಫಿಲ್ಟರ್ ಮೇಲ್ಗಡೆಯೇ ಇದೆ, ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಒಳಗೆ ಬರೀ ಕಾಗದದ ಎಲಿಮೆಂಟ್. ಒಂದೇ ಅಂಗಳದಲ್ಲಿ ಎರಡು ತರಹದ ಕಾರು ಸಿಕ್ಕಿದ್ದರಿಂದ ಹೋಲಿಸಿ ನೋಡಲು ಚೆನ್ನಾಗಿ ಅನುಕೂಲವಾಯಿತು.

ಕಾರಿನ ಜೊತೆ ಬರುವ ಸಿಸರ್ ಜ್ಯಾಕ್ ಟಯರ್ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದು, ಅರ್ಧ ನಿಮಿಷಕ್ಕೂ ಬೇಡ. ಅದನ್ನು ಈ ಹೋಲಿಕೆಯಲ್ಲೇ ಸೇರಿಸಿಲ್ಲ.

ಟ್ರಾಲಿ ಜ್ಯಾಕ್ ಮತ್ತು ಎತ್ತಿದ ಕಾರನ್ನು ಹೊರುವ ಒಂದು ಜೊತೆ ಸ್ಟ್ಯಾಂಡ್ ಬೇರೆ ಮಾತು. ಎತ್ತರ ಜಾಸ್ತಿ ಸಿಗುತ್ತದೆ, ಕೆಳಗೆ ಮಲಗಿದರೆ ಕೈ ಆಡಿಸಲು ಜಾಗ ಇರುತ್ತದೆ. ಬ್ರೇಕ್ ಕೆಲಸ, ಟಯರ್ ಕೆಲಸಕ್ಕೂ ಅದೇ ಆಗುತ್ತದೆ. ಆದರೆ ಬರೀ ಆಯಿಲ್‌ಗಾಗಿ ಅದನ್ನು ಎಳೆದು ತರುವುದು ನನಗೆ ಹೆಚ್ಚಿನ ಕೆಲಸ ಅನಿಸಿತು. ಒಂದು ಬದಿ ಎತ್ತಿ ಸ್ಟ್ಯಾಂಡ್ ಇಡಬೇಕು, ಇನ್ನೊಂದು ಬದಿ ಎತ್ತಿ ಇಡಬೇಕು, ಹಿಂದಿನ ಚಕ್ರಕ್ಕೆ ಅಡ್ಡ ಕೊಡಬೇಕು, ಕಾರನ್ನು ಕೈಯಿಂದ ಅಲ್ಲಾಡಿಸಿ ಗಟ್ಟಿ ಇದೆಯಾ ಅಂತ ನೋಡಬೇಕು, ಕೆಲಸ ಮುಗಿದ ಮೇಲೆ ಇಷ್ಟನ್ನೂ ವಾಪಸ್ ಮಾಡಬೇಕು. ಇಂಟರ್‌ಲಾಕ್ ಮೇಲೆ ಇನ್ನೊಂದು ತೊಂದರೆ ಇದೆ. ಸ್ಟ್ಯಾಂಡಿನ ಕಾಲು ಸಣ್ಣದು, ಭಾರವೆಲ್ಲ ಅದರ ಮೇಲೆ. ಮಳೆಗಾಲ ಕಳೆದ ಮೇಲೆ ಅಡಿಯ ಮರಳು ಕೊಚ್ಚಿ ಹೋಗಿ ಕಲ್ಲು ಸಡಿಲ ಆಗಿರುತ್ತದೆ, ಕಾಲು ಒಂದು ಕಡೆ ಇಳಿದು ಸ್ಟ್ಯಾಂಡ್ ವಾಲುತ್ತದೆ. ಕೆಳಗೆ ದಪ್ಪ ಹಲಗೆ ಇಡಲೇಬೇಕು.

ಇಲ್ಲೇ ಇನ್ನೊಂದು ವಿಷಯ. ನಮ್ಮ ಕಡೆ ಎಲ್ಲರ ಮನೆ ಹಿಂದೆಯೂ ನಾಲ್ಕು ಕೆಂಪು ಕಲ್ಲು ಬಿದ್ದಿರುತ್ತದೆ. ಸ್ಟ್ಯಾಂಡ್ ಯಾಕೆ, ಕಲ್ಲು ಕೊಟ್ಟರೆ ಆಯಿತಲ್ಲ ಅನ್ನುವವರು ತುಂಬಾ ಜನ. ದಯವಿಟ್ಟು ಬೇಡ. ಈ ಕೆಂಪು ಕಲ್ಲು, ಅಂದರೆ ಮುರಕಲ್ಲು, ಗೋಡೆಯಲ್ಲಿ ಸುತ್ತಲೂ ಕಟ್ಟಿಕೊಂಡು ಭಾರ ಹೊರುತ್ತದೆ. ಒಂದೇ ಬಿಂದುವಿನ ಮೇಲೆ ಕಾರಿನ ಭಾರ ಕೂತರೆ ಅದು ಸುಳಿವೂ ಕೊಡದೆ ಸೀಳುತ್ತದೆ. ಸಿಮೆಂಟಿನ ಹಾಲೋ ಬ್ಲಾಕ್ ಕೂಡ ಹಾಗೆಯೇ. ಚಕ್ರ ಉರುಳದಂತೆ ಅಡ್ಡ ಇಡಲು ಕೆಂಪು ಕಲ್ಲು ಸರಿ, ಕಾರನ್ನು ಹೊರಲು ಅಲ್ಲ.

ಸ್ವಿಫ್ಟ್‌ಗೆ ನನ್ನ ಓಟು ರಾಂಪ್‌ಗೆ. ಕಾರು ತನ್ನ ಚಕ್ರದ ಮೇಲೆಯೇ ನಿಂತಿರುತ್ತದೆ, ಹಾಗಾಗಿ ಕೆಳಗೆ ಮಲಗಿದಾಗ ಮನಸ್ಸಿಗೆ ಧೈರ್ಯ. ಹತ್ತಿಸುವುದು ಎರಡು ನಿಮಿಷದ ಕೆಲಸ. ಪ್ಲಾಸ್ಟಿಕ್ ರಾಂಪ್ ಮತ್ತು ಮರದ ಹಲಗೆಯ ಮೆಟ್ಟಿಲು ಎರಡನ್ನೂ ಬಳಸಿ ನೋಡಿದ್ದೇನೆ. ಪ್ಲಾಸ್ಟಿಕ್ಕಿನದು ಹಗುರ, ಮೂಲೆಯಲ್ಲಿ ಒರಗಿಸಿ ಇಡಬಹುದು. ಆದರೆ ಇವು ಇಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರುಗಳು, ಚಕ್ರ ಹತ್ತುವ ಬದಲು ರಾಂಪನ್ನೇ ಮುಂದೆ ತಳ್ಳುತ್ತದೆ. ನುಣ್ಣಗಿನ ಇಂಟರ್‌ಲಾಕ್ ಮೇಲೆ, ಅದರಲ್ಲೂ ಆಗಸ್ಟ್ ತಿಂಗಳ ಪಾಚಿಯ ಮೇಲೆ, ಸರ್ರನೆ ಜಾರುತ್ತದೆ. ರಾಂಪಿನ ಅಡಿಗೆ, ಚಕ್ರದ ಕಡೆಗೂ ಸ್ವಲ್ಪ ಚಾಚಿಕೊಳ್ಳುವಂತೆ, ಒಂದು ತುಂಡು ರಬ್ಬರ್ ಮ್ಯಾಟ್ ಹಾಕಿ. ಚಕ್ರ ಮೊದಲು ಮ್ಯಾಟ್ ಮೇಲೆ ಬರುತ್ತದೆ, ಆಮೇಲೆ ರಾಂಪ್ ಅಲ್ಲಾಡುವುದಿಲ್ಲ. ಮುಂದಿನ ಬಂಪರ್ ತಾಗುವಂತಿದ್ದರೆ ರಾಂಪಿಗೆ ಮೊದಲು ಒಂದು ತೆಳು ಹಲಗೆ.

ಮರದ ಮೆಟ್ಟಿಲು ಇನ್ನೂ ಒಳ್ಳೆಯದು. ಮರದ ಮಿಲ್ಲಿಗೆ ಹೋಗಿ ಎರಡು ಇಂಚು ದಪ್ಪದ, ಟಯರಿಗಿಂತ ಅಗಲದ ತುಂಡುಗಳನ್ನು ಕೇಳಿ. ಹೆಬ್ಬಲಸು ಅಥವಾ ಬೋಗಿ ಸಿಕ್ಕರೆ ಬಿಡಬೇಡಿ, ಎರಡೂ ಗಟ್ಟಿ ಮರ. ಉದ್ದದ್ದು ಕೆಳಗೆ, ಗಿಡ್ಡದ್ದು ಮೇಲೆ, ಹೀಗೆ ಮೂರು ಹಲಗೆ ಜೋಡಿಸಿ ಬೋಲ್ಟ್ ಹಾಕಿದರೆ ಆರು ಇಂಚು ಎತ್ತರ ಸಿಗುತ್ತದೆ. ಮೇಲಿನ ಹಲಗೆಯ ತುದಿಗೆ ಒಂದು ಅಡ್ಡ ಪಟ್ಟಿ ಹೊಡೆಯಿರಿ, ಕಾರು ದಾಟಿ ಹೋಗಬಾರದು ಅಲ್ವಾ. ಭಾರ ಇರುವುದರಿಂದ ಜಾರುವುದು ಕಡಿಮೆ. ಹತ್ತಿಸುವಾಗ ಹೊರಗೆ ಒಬ್ಬರು ನಿಂತು ಚಕ್ರ ನೋಡಿ ಹೇಳಲೇಬೇಕು. ನಮ್ಮಲ್ಲಿ ಆ ಕೆಲಸ ಭಾವನದು, ಅವರು ಸಾಕು ಅಂದರೆ ಅಲ್ಲಿಗೇ ಹ್ಯಾಂಡ್‌ಬ್ರೇಕ್, ಫಸ್ಟ್ ಗೇರ್, ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು.

ರಾಂಪ್‌ನಲ್ಲಿ ಕಾರಿನ ಮೂತಿ ಮೇಲೆ ಇರುತ್ತದೆ ಅನ್ನುವುದು ನೆನಪಿರಲಿ. ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್ ಸಂಪಿನ (ಇಂಜಿನ್ ಅಡಿಯ ಆಯಿಲ್ ತೊಟ್ಟಿಯ) ಹಿಂಬದಿಗೆ ಇದ್ದರೆ ಅದು ಲಾಭವೇ, ಆಯಿಲ್ ಪೂರ್ತಿ ಇಳಿಯುತ್ತದೆ. ಮುಂಬದಿಗೆ ಇದ್ದರೆ ಸ್ವಲ್ಪ ಒಳಗೇ ಉಳಿಯುತ್ತದೆ. ಹೊಸ ಆಯಿಲ್ ಹಾಕಿದ ಮೇಲೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುವುದು ಕೆಳಗೆ ಇಳಿಸಿ, ಸಮ ಜಾಗದಲ್ಲಿ, ಇಂಜಿನ್ ಒಮ್ಮೆ ಓಡಿಸಿ ಆರಿಸಿ ಐದು ನಿಮಿಷ ಬಿಟ್ಟು.

ಇನ್ನು ಪಂಪ್. ಇದರಲ್ಲಿ ಎರಡು ಜಾತಿ. ಬ್ಯಾಟರಿಗೆ ಕ್ಲಿಪ್ ಹಾಕುವ 12 ವೋಲ್ಟಿನ ಸಣ್ಣ ಪಂಪ್, ಮತ್ತು ಕೈಯಿಂದ ಒತ್ತಿ ಗಾಳಿ ತೆಗೆಯುವ ಟ್ಯಾಂಕ್ ಇರುವ ವ್ಯಾಕ್ಯೂಮ್ ಎಕ್ಸ್‌ಟ್ರಾಕ್ಟರ್. ಎರಡೂ ಡಿಪ್‌ಸ್ಟಿಕ್ ತೂತಿನಿಂದ ಸಪೂರ ಪೈಪ್ ಬಿಟ್ಟು ಆಯಿಲ್ ಎಳೆಯುತ್ತವೆ. 12 ವೋಲ್ಟಿನದು ನನಗೆ ಹಿಡಿಸಲಿಲ್ಲ. ತುಂಬಾ ನಿಧಾನ, ಸ್ವಲ್ಪ ಹೊತ್ತಿಗೇ ಮೋಟಾರ್ ಬಿಸಿಯಾಗುತ್ತದೆ, ನಿಲ್ಲಿಸಿ ನಿಲ್ಲಿಸಿ ಓಡಿಸಬೇಕು. ಕೈಪಂಪಿನ ಟ್ಯಾಂಕ್ ನಿಜಕ್ಕೂ ಒಳ್ಳೆಯ ಸಾಮಾನು. ಕೆಲವು ಸಲ ಒತ್ತಿ ಬಿಟ್ಟರೆ ಆಮೇಲೆ ತಾನಾಗಿಯೇ ಎಳೆಯುತ್ತದೆ. ಟ್ಯಾಂಕಿನ ಮೇಲೆ ಲೀಟರ್ ಗೆರೆ ಇರುವುದರಿಂದ ಎಷ್ಟು ಬಂತು ಅಂತ ಕಣ್ಣಿಗೇ ಕಾಣುತ್ತದೆ. ಇಂಜಿನ್ ಬೆಚ್ಚಗೆ ಇರಬೇಕು, ತಣ್ಣಗಿದ್ದರೆ ಆಯಿಲ್ ದಪ್ಪ, ಕಾದು ಕೂರಬೇಕು. ಹಾಗಂತ ಕುದಿಯುವಷ್ಟು ಬಿಸಿಯೂ ಬೇಡ, ಪೈಪ್ ಮೆತ್ತಗಾಗುತ್ತದೆ, ಕೈಯೂ ಸುಡುತ್ತದೆ.

ಭಾವನ ಐ20ಗೆ ಇದೇ ಗೆದ್ದಿತು. ಯಾಕೆಂದರೆ, ಕಾರು ಎತ್ತುವುದೇ ಬೇಡ. ಮೊದಲು ಮೇಲಿನ ಫಿಲ್ಟರ್ ಮುಚ್ಚಳ ಸಡಿಲಿಸಿ, ಅದರೊಳಗಿನ ಆಯಿಲ್ ಸಂಪಿಗೆ ಇಳಿಯಲಿ, ಆಮೇಲೆ ಪೈಪ್ ಬಿಡಿ. ಎಲಿಮೆಂಟ್ ಬದಲಿಸಿ, ಮುಚ್ಚಳಕ್ಕೆ ಹೊಸ ಓ-ರಿಂಗ್ (ರಬ್ಬರ್ ಬಳೆ) ಹಾಕಿ. ಜೂನ್ ಜುಲೈ ಮಳೆಯಲ್ಲೂ ಪೋರ್ಚಿನ ಅಡಿಯಲ್ಲಿ, ಹಾಕಿದ ಅಂಗಿ ಕೊಳೆಯಾಗದೆ ಮುಗಿಯುವ ಕೆಲಸ ಇದು.

ಸ್ವಿಫ್ಟ್‌ಗೆ ಅದೇ ಪಂಪ್ ದಂಡ. ಆಯಿಲ್ ಮೇಲಿನಿಂದ ಎಳೆದರೂ ಫಿಲ್ಟರ್‌ಗಾಗಿ ಕೆಳಗೆ ಹೋಗಲೇಬೇಕು. ಕೆಳಗೆ ಹೋದ ಮೇಲೆ ಡ್ರೈನ್ ಬೋಲ್ಟ್ ಅಲ್ಲೇ ಪಕ್ಕದಲ್ಲಿ ಇದೆ, ಮತ್ತೆ ಪಂಪ್ ಯಾಕೆ? ಎಳೆದು ಮುಗಿದ ಮೇಲೆ ಪರೀಕ್ಷೆಗೆ ಅಂತ ಬೋಲ್ಟ್ ಬಿಚ್ಚಿ ನೋಡಿದೆ. ಸ್ವಿಫ್ಟ್‌ನಲ್ಲಿ ಒಂದು ಚಹಾ ಗ್ಲಾಸಿಗಿಂತ ಜಾಸ್ತಿಯೇ ಕಪ್ಪು ಆಯಿಲ್ ಬಂತು, ಐ20ಯಲ್ಲಿ ಬರೀ ತೊಟ್ಟಿಕ್ಕಿತು. ಡಿಪ್‌ಸ್ಟಿಕ್ ಪೈಪಿನ ತಿರುವು, ಸಂಪಿನ ಆಕಾರ ಒಂದೊಂದು ಕಾರಿಗೆ ಒಂದೊಂದು ತರಹ. ಪಂಪ್ ಕೊಂಡವರು ಮೊದಲ ಸಲ ಈ ಪರೀಕ್ಷೆ ಮಾಡಿ ನೋಡಿ, ನಿಮ್ಮ ಕಾರಿಗೆ ಹೊಂದುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ಬೋಲ್ಟ್ ಬಿಚ್ಚುವುದರಲ್ಲಿ ಇನ್ನೊಂದು ಲಾಭವೂ ಇದೆ. ಬೋಲ್ಟಿನ ತುದಿಯಲ್ಲಿ ಲೋಹದ ಹುಡಿ ಹೊಳೆಯುತ್ತಿದೆಯಾ ಅಂತ ನೋಡಬಹುದು. ಪಂಪ್ ಆ ಸುದ್ದಿ ಹೇಳುವುದಿಲ್ಲ.

ಫಿಲ್ಟರ್ ಬಿಚ್ಚುವ ಸಾಮಾನಿನಲ್ಲಿ ನನಗೆ ಅನುಮಾನವೇ ಇಲ್ಲ, ಕಪ್ ತರಹದ್ದು ತಗೊಳ್ಳಿ. ಫಿಲ್ಟರಿನ ತಲೆಗೆ ಟೊಪ್ಪಿಯಂತೆ ಕೂರುತ್ತದೆ, ಹಿಂದಿನಿಂದ ರಾಚೆಟ್ ಹಾಕಿ ತಿರುಗಿಸಿದರೆ ಮುಗಿಯಿತು. ಬೆಲ್ಟ್ ರೆಂಚ್ ಆಯಿಲ್ ತಾಗಿದ ಕೂಡಲೇ ಜಾರುತ್ತದೆ. ಚೈನ್ ರೆಂಚ್ ಹಿಡಿತ ಗಟ್ಟಿ, ಆದರೆ ಹಿಡಿ ತಿರುಗಿಸಲು ಇಂಜಿನ್ ಪಕ್ಕ ಜಾಗ ಎಲ್ಲಿದೆ? ಮೂರು ಕಾಲಿನ ರೆಂಚ್ ಬೇರೆ ಬೇರೆ ಅಳತೆಗೆ ಆಗುತ್ತದೆ, ಇದ್ದರೆ ಆದೀತು. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಹಳೇ ಪದ್ಧತಿಯಲ್ಲಿ ತಗಡು ಹರಿದು ಫಿಲ್ಟರ್ ಇನ್ನೂ ಅಲ್ಲೇ ಉಳಿಯುವುದೇ ಜಾಸ್ತಿ. ಕಪ್ಪಿನಲ್ಲಿ ಒಂದೇ ತೊಂದರೆ, ಅಳತೆ ಮತ್ತು ಫಿಲ್ಟರಿನ ತಲೆಯ ಸುತ್ತಲಿನ ಪಟ್ಟಿಗಳ ಲೆಕ್ಕ ಸರಿ ಹೊಂದಬೇಕು. ಬಂದರಿನ ಅಂಗಡಿಗೋ ಬೇರೆ ಕಡೆಗೋ ಹೋಗುವಾಗ ಹೊಸ ಫಿಲ್ಟರನ್ನೇ ಕೈಯಲ್ಲಿ ಹಿಡಿದು ಹೋಗಿ, ಅಲ್ಲೇ ಕೂರಿಸಿ ನೋಡಿ. ಹಾಕುವಾಗ ಮಾತ್ರ ಯಾವ ಸಾಮಾನೂ ಬೇಡ. ರಬ್ಬರಿಗೆ ಹೊಸ ಆಯಿಲ್ ಸವರಿ, ಹಳೇ ರಬ್ಬರ್ ಇಂಜಿನ್ನಿಗೆ ಅಂಟಿ ಉಳಿದಿಲ್ಲ ಅಂತ ನೋಡಿ, ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಬಿಗಿ ಮಾಡಿ.

ಡ್ರೈನ್ ಬೋಲ್ಟಿಗೆ ಆರು ಮೂಲೆಯ ಸಾಕೆಟ್ ಅಥವಾ ಸರಿ ಅಳತೆಯ ರಿಂಗ್ ಸ್ಪ್ಯಾನರ್. ಸಡಿಲ ಕೂರುವ ಸ್ಪ್ಯಾನರ್ ಬೋಲ್ಟಿನ ಮೂಲೆ ತಿನ್ನುತ್ತದೆ. ಬಿಗಿ ಮಾಡಲು ಟಾರ್ಕ್ ರೆಂಚ್ ಇದ್ದರೆ ನಿಶ್ಚಿಂತೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 35ರಿಂದ 40 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮದಕ್ಕೆ ಮ್ಯಾನುವಲ್ ನೋಡಿ. ವಾಷರ್ ಪ್ರತಿ ಸಲ ಹೊಸದು. ಸಮುದ್ರದ ಗಾಳಿಗೆ ಕೆಳಗಿನ ಗಾರ್ಡಿನ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ, ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಹೊಡೆದಿಟ್ಟರೆ ಬೆಳಿಗ್ಗೆ ಸಲೀಸು. ಬೋಲ್ಟಿನ ಬದಲು ಹಾಕುವ ಲಿವರ್ ವಾಲ್ವ್ ಕೂಡ ಸಿಗುತ್ತದೆ, ಆದರೆ ಅದು ಕೆಳಗೆ ಚಾಚಿಕೊಂಡಿರುತ್ತದೆ. ನಮ್ಮ ಹಂಪ್‌ಗಳ ಮೇಲೆ ಅದನ್ನು ಹೊತ್ತು ಓಡಾಡಲು ನನಗೆ ಇಷ್ಟವಿಲ್ಲ.

ಆಯಿಲ್ ಹಿಡಿಯಲು ಅಗಲ ಬಾಯಿಯ ಟ್ರೇ ಬೇಕು. ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಬೀಸುತ್ತದೆ, ಕೊನೆಯ ಸಪೂರ ಧಾರೆ ಆಚೆ ಹಾರುತ್ತದೆ, ಹಾಗಾಗಿ ನಾನು ಈ ಕೆಲಸ ಬೆಳಿಗ್ಗೆಯೇ ಮಾಡುವುದು. ಚೆಲ್ಲಿದ್ದಕ್ಕೆ ಮಿಲ್ಲಿನಿಂದ ತಂದ ಮರದ ಹುಡಿ.

ಕರಿ ಆಯಿಲನ್ನು ಒರಲೆ ಬಾರದ ಹಾಗೆ ಬೇಲಿ ಕಂಬದ ಬುಡಕ್ಕೆ ಹೊಯ್ಯುವ ಅಭ್ಯಾಸ ನಮ್ಮಲ್ಲಿ ತುಂಬಾ ಕಡೆ ಇದೆ. ಇದನ್ನು ಬಿಡಬೇಕು. ನಮ್ಮದು ತೂತು ತೂತಾದ ಮುರಕಲ್ಲಿನ ನೆಲ, ಮೇಲೆ ಅಷ್ಟು ಮಳೆ, ಕಂಪೌಂಡಿಗೊಂದು ಬಾವಿ. ಬುಡಕ್ಕೆ ಹೊಯ್ದದ್ದು ಎಲ್ಲಿಗೆ ಇಳಿಯುತ್ತದೆ ಅಂತ ಬೇರೆ ಹೇಳಬೇಕಾ? ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಅದನ್ನು ವಾಪಸ್ ಪಡೆದು ಶುದ್ಧ ಮಾಡಿಸುವ ಹೊಣೆ 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವವರ ಮೇಲೂ ಇದೆ. ನಾನು ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿಸಿ, ಫಿಲ್ಟರನ್ನು ಒಂದು ರಾತ್ರಿ ಕವುಚಿ ಸೋರಿಸಿ, ಎರಡನ್ನೂ ಗುರುತಿನ ಗ್ಯಾರೇಜಿಗೆ ಕೊಡುತ್ತೇನೆ. ಅಲ್ಲಿ ಡ್ರಮ್ ಇದೆ, ತುಂಬಿದ ಮೇಲೆ ಒಯ್ಯುವವರು ಬರುತ್ತಾರೆ. ಕ್ಯಾನಿಗೆ ಕೂಲಂಟ್, ಪೆಟ್ರೋಲ್, ನೀರು ಏನನ್ನೂ ಬೆರೆಸಬೇಡಿ, ಬೆರೆತರೆ ಅವರು ತಗೊಳ್ಳುವುದಿಲ್ಲ.