ನಿರ್ಬಂಧಿತ ಜಾಲದಲ್ಲಿ ಟಾರ್ ಬ್ರೌಸರ್

ಸರ್ಕಾರವೊಂದು ಸುದ್ದಿತಾಣವನ್ನೋ ಸಂದೇಶದ ಆ್ಯಪನ್ನೋ ರಾತ್ರೋರಾತ್ರಿ ನಿರ್ಬಂಧಿಸಿದಾಗ ಜನಸಾಮಾನ್ಯರ ಕೈಯಲ್ಲಿ ಉಳಿಯುವ ಸಾಧನಗಳಲ್ಲಿ, ಬಳಕೆದಾರರ ಗುರುತನ್ನು ಮರೆಸಿ ಜಾಲತಾಣಗಳನ್ನು ತೆರೆಯುವ ಟಾರ್ ಬ್ರೌಸರ್ ಮುಖ್ಯವಾದುದು ಎಂಬುದು ಹಲವು ತಿಂಗಳ ಬಳಕೆಯ ನಂತರ ನಾನು ತಳೆದ ಅಭಿಪ್ರಾಯ. ಇದು ಉಚಿತ, ನೋಂದಣಿಯನ್ನಾಗಲಿ ಬ್ಯಾಂಕ್ ಕಾರ್ಡನ್ನಾಗಲಿ ಕೇಳುವುದಿಲ್ಲ. ಆರ್ಥಿಕ ದಿಗ್ಬಂಧನದಿಂದಾಗಿ ವಿದೇಶಿ ಸೇವೆಗಳಿಗೆ ಹಣ ಪಾವತಿಸಲು ಪರದಾಡುವ ಇರಾನಿನಂಥ ದೇಶದ ನಾಗರಿಕರಿಗೆ ಈ ಒಂದು ಗುಣವೇ ಎಷ್ಟು ದೊಡ್ಡದೆಂಬುದನ್ನು ಹಣ ಕೊಟ್ಟು ವಿಪಿಎನ್ (ನಮ್ಮ ಸಂಪರ್ಕವನ್ನು ಬೇರೆಡೆಯ ಸರ್ವರ್ ಮೂಲಕ ಗೂಢವಾಗಿ ಸಾಗಿಸುವ ಸೇವೆ) ಕೊಳ್ಳಬಲ್ಲವರು ಸುಲಭವಾಗಿ ಮರೆಯುತ್ತಾರೆ.

ಸ್ವಯಂಸೇವಕರು ನಡೆಸುವ ಮೂರು ಸರ್ವರ್‌ಗಳ ಮೂಲಕ ನಮ್ಮ ಸಂಪರ್ಕವು ಪದರ ಪದರವಾದ ಗೂಢಲಿಪಿಯಲ್ಲಿ ಸಾಗುವುದರಿಂದ, ಓದುಗ ಯಾರು, ಓದುತ್ತಿರುವುದೇನು ಎಂಬೆರಡೂ ಯಾವೊಂದು ಸರ್ವರ್‌ಗೂ ಒಟ್ಟಿಗೆ ತಿಳಿಯುವುದಿಲ್ಲ. 2021ರ ಡಿಸೆಂಬರಿನಲ್ಲಿ ರಷ್ಯಾ ಟಾರ್ ಸಂಸ್ಥೆಯ ಜಾಲತಾಣವನ್ನೇ ತಡೆದಾಗ ಬಳಕೆದಾರರ ನೆರವಿಗೆ ಬಂದದ್ದು ಬ್ರಿಡ್ಜ್ ಎಂಬ ಅಪ್ರಕಟಿತ ಪ್ರವೇಶದ್ವಾರಗಳು. ಅವುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸ್ನೋಫ್ಲೇಕ್, ಟಾರ್ ಸಂಪರ್ಕವನ್ನು ಹೊರನೋಟಕ್ಕೆ ವಿಡಿಯೊ ಕರೆಯಂತೆ ತೋರಿಸುತ್ತದೆ.

ವೇಗ ಮಾತ್ರ ಕಡಿಮೆ. ಐಫೋನಿಗೆ ಅಧಿಕೃತ ಆವೃತ್ತಿಯಿಲ್ಲ. ಇವೆಲ್ಲಕ್ಕಿಂತ ಗಂಭೀರವಾದ ಮಿತಿಯೆಂದರೆ, ಬ್ರಿಡ್ಜ್ ಬಳಸದಿದ್ದರೆ ನಾವು ಟಾರ್ ಬಳಸುತ್ತಿರುವ ಸಂಗತಿ ಇಂಟರ್‌ನೆಟ್ ಪೂರೈಕೆದಾರರಿಗೆ ತಿಳಿಯುತ್ತದೆ. ಆದ್ದರಿಂದ ಅದರ ಬಳಕೆಯನ್ನೇ ಅನುಮಾನದಿಂದ ನೋಡುವ ಆಡಳಿತದಲ್ಲಿ ಬದುಕುವವರಿಗೆ ಇದನ್ನು ನಿರಾತಂಕವಾಗಿ ಶಿಫಾರಸು ಮಾಡಲಾರೆ.