ಅನಂತ ನಾಗ್ ಹೀರೊ ಆಗುವ ಮೊದಲು: ಮುಂಬೈನ ಗಾಮದೇವಿ–ತಾಡದೇವ್ ನಡಿಗೆ ಟೂರ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಹೋಗಿ ಬನ್ನಿ. ತಲೆಗೆ 700 ರೂಪಾಯಿ, ಮೋಸ ಇಲ್ಲ. ಆದರೆ ಕನ್ನಡ ಗೊತ್ತಿರುವ ಗೈಡ್ ಸಿಗುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿ. ನಮಗೆ ಸಿಕ್ಕ ಹುಡುಗನಿಗೆ ಹಿಂದಿ, ಮರಾಠಿ ರಂಗಭೂಮಿ ನಾಲಿಗೆ ತುದಿಯಲ್ಲಿತ್ತು, ಕನ್ನಡದ ವಿಷಯ ಬಂದರೆ ಮಾತ್ರ ಪಾಪ ತಡವರಿಸುತ್ತಿದ್ದ.

ಇದು 'ಇಗೋ, ಇದೇ ಮನೆಯಲ್ಲಿ ಇದ್ದರು' ಅಂತ ಬಾಗಿಲು ತೋರಿಸುವ ಟೂರ್ ಅಲ್ಲ. ಅದೇ ನನಗೆ ಇಷ್ಟವಾಯಿತು. ಉತ್ತರ ಕನ್ನಡದ ಶಿರಾಲಿಯಲ್ಲಿ, ಸಾರಸ್ವತರ ಚಿತ್ರಾಪುರ ಮಠದ ನೆರಳಲ್ಲಿ ಬೆಳೆದ ಹುಡುಗನನ್ನು ಓದಲಿ ಅಂತ ಮುಂಬೈಗೆ ಕಳಿಸಿದರೆ ಅವನು ನಟ ಆಗಿದ್ದು ಹೇಗೆ, ಆ ಕಾಲದ ಮುಂಬೈ ಹೇಗಿತ್ತು ಅನ್ನುವುದೇ ಇಲ್ಲಿನ ಕಥೆ. ಗಾಮದೇವಿಯ ಸಾರಸ್ವತ ಕಾಲೊನಿಯಿಂದ ಶುರು. 1915ರಲ್ಲಿ ಹುಟ್ಟಿದ ಸಹಕಾರಿ ವಸತಿ ಸಂಘ ಅದು. ಅಲ್ಲಿಂದ ನಾನಾ ಚೌಕ್ ದಾಟಿ ತಾಡದೇವ್‌ನ ತಲ್ಮಕಿವಾಡಿ, ಅದೂ ಸಾರಸ್ವತರದೇ ಕಾಲೊನಿ. ಜನ ವಾಸ ಇರುವ ಜಾಗ, ಆದ್ದರಿಂದ ಗೇಟಿನ ಹೊರಗೇ ನಿಂತು ಕೇಳಬೇಕು, ಒಳಗೆ ಇಣುಕಿ ಫೋಟೋ ಹೊಡೆಯಬೇಡಿ ಅಂತ ಗೈಡ್ ಮೊದಲೇ ಹೇಳಿದ. ಸರಿಯಾದ ಮಾತು.

ಟೂರಿನ ಜೀವ ಇರುವುದು ಕೊನೆಯ ಸ್ಟಾಪಿನಲ್ಲಿ, ವಾಲ್‌ಚಂದ್ ಟೆರೇಸ್ ಹತ್ತಿರ. ರಂಗನಿರ್ದೇಶಕ ಸತ್ಯದೇವ ದುಬೆ ತಮ್ಮ 'ಥಿಯೇಟರ್ ಯೂನಿಟ್' ನಾಟಕ ತಂಡದವರನ್ನು ಇಟ್ಟುಕೊಂಡು ತಾಲೀಮು ನಡೆಸುತ್ತಿದ್ದ ಜಾಗ. ಅಮರೀಶ್ ಪುರಿ, ಅಮೋಲ್ ಪಾಲೇಕರ್ ಎಲ್ಲ ಆ ಬಳಗದವರೇ. ನಮ್ಮ ಕಾರ್ನಾಡರ 'ಯಯಾತಿ'ಯನ್ನು ಹಿಂದಿ ರಂಗಕ್ಕೆ ತಂದವರೂ ಇದೇ ದುಬೆ. ಸೇನೆಗೆ ಸೇರಲು ಹೋಗಿ ತೂಕ ಸಾಲದು ಅಂತ ವಾಪಸ್ ಬಂದ ಅನಂತ್ ಕೊಂಕಣಿ, ಕನ್ನಡ, ಮರಾಠಿ ನಾಟಕ ಮಾಡುತ್ತಾ ಮಾಡುತ್ತಾ ಈ ದುಬೆಯವರ ಕಣ್ಣಿಗೆ ಬಿದ್ದು, ಅವರ ಮೂಲಕ ನಿರ್ದೇಶಕ ಶ್ಯಾಮ್ ಬೆನೆಗಲ್ ಪರಿಚಯವಾಗಿ, 1974ರಲ್ಲಿ ಬೆನೆಗಲ್ ಅವರ 'ಅಂಕುರ್' ಸಿನಿಮಾ ಬಂತು. ಇದನ್ನೆಲ್ಲ ನಮ್ಮ ಗೈಡ್ ಬಸ್ಸು, ಟ್ಯಾಕ್ಸಿ ಹಾರ್ನ್ ಮಧ್ಯೆ ಗಂಟಲು ಹರಿದುಕೊಂಡು ಹೇಳಿದ. ಮೈಕ್ ಅಷ್ಟರಲ್ಲಿ ಸತ್ತಿತ್ತು.

ಆಮೇಲೆ ಟ್ಯಾಬ್ ತೆಗೆದು 'ಅಂಕುರ್' ದೃಶ್ಯ ತೋರಿಸಲು ಹೋದ. ಹನ್ನೊಂದರ ಬಿಸಿಲು, ಪರದೆಯಲ್ಲಿ ನಮ್ಮ ಮುಖವೇ ಕಾಣುತ್ತಿತ್ತು! ಡೊಂಬಿವ್ಲಿಯಿಂದ ಬಂದಿದ್ದ ಒಬ್ಬ ಅಜ್ಜಿ ಕೊಡೆ ಬಿಚ್ಚಿ ಹಿಡಿದರು, ಹತ್ತು ಜನ ಅದರಡಿ ತಲೆ ತೂರಿಸಿ ಜಮೀನ್ದಾರನ ಮಗ ಸೂರ್ಯನನ್ನು ನೋಡಿದೆವು. ಆ ಪಾತ್ರ ಹೇಡಿ, ಕೊನೆಗೆ ಕ್ರೂರಿ. ಮೊದಲ ಹಿಂದಿ ಸಿನಿಮಾಗೇ ಇಂಥ ಪಾತ್ರ ಒಪ್ಪಿಕೊಳ್ಳಲು ನಾಟಕದ ಧೈರ್ಯ ಬೇಕು ಅಲ್ವಾ? ಇಮೇಜ್ ಚಿಂತೆ ಇರುವವನಾದರೆ ಓಡಿಹೋಗುತ್ತಿದ್ದ.

ಈಗ ತಕರಾರು. 1973ರ 'ಸಂಕಲ್ಪ' ಕನ್ನಡದಲ್ಲಿ ಅವರ ಮೊದಲ ಸಿನಿಮಾ, ಅದರ ಹೆಸರೇ ಎತ್ತಲಿಲ್ಲ. 'ಅಂಕುರ್'ನಿಂದಲೇ ಎಲ್ಲ ಶುರು ಅನ್ನುವ ಧಾಟಿ. 'ಅಂಕುರ್' ಆದ ಮರುವರ್ಷವೇ ಬಂದ ಜಿ.ವಿ. ಅಯ್ಯರ್ ಅವರ 'ಹಂಸಗೀತೆ'ಗೆ ಒಂದೇ ವಾಕ್ಯ. ಟಿಪ್ಪುವಿನ ಮುಂದೆ ಹಾಡಲಾರೆ ಅಂತ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಚಿತ್ರದುರ್ಗದ ಸಂಗೀತಗಾರನ ಪಾತ್ರ ಅದು, ಅದನ್ನು ಬಿಟ್ಟು ಈ ನಟನ ಆರಂಭದ ಕಥೆ ಹೇಳೋದು ಹೇಗೆ? ಇನ್ನೂ ಸಿಟ್ಟು ಬಂದಿದ್ದು, 'ಒಂದಾನೊಂದು ಕಾಲದಲ್ಲಿ' ಚಿತ್ರದ ನಟನೆಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸಿಕ್ಕ ಪ್ರಶಸ್ತಿಯನ್ನು ಅಣ್ಣನ ಲೆಕ್ಕಕ್ಕೆ ಹಾಕಿದಾಗ. ಅದು ಶಂಕರನದು ಕಣಪ್ಪಾ ಅಂತ ಮೂರು ನಾಲ್ಕು ಜನ ಒಟ್ಟಿಗೆ ಕೂಗಿದೆವು. ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ, ಸುಮ್ನೆ ಪೆನ್ ತೆಗೆದು ತನ್ನ ಚೀಟಿಯಲ್ಲಿ ತಿದ್ದಿಕೊಂಡ. ತಮ್ಮನೂ ಮುಂಬೈ ರಂಗಭೂಮಿಯಲ್ಲೇ ಪಳಗಿದವನು, ಹೆಂಡತಿ ಅರುಂಧತಿ ಸಿಕ್ಕಿದ್ದೂ ನಾಟಕದ ನಂಟಿನಲ್ಲೇ, ಅದಕ್ಕೇ ಬೇರೆ ಟೂರ್ ಮಾಡಬಹುದು.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಬರಬಹುದು. ಎರಡೂವರೆ ಗಂಟೆ ಕೂರಲು ಜಾಗ ಇಲ್ಲ, ಮಂಡಿನೋವಿನವರು ಯೋಚಿಸಿ. ಚಹಾ ಸೇರಿದೆ ಅಂತ ಬುಕಿಂಗ್‌ನಲ್ಲಿ ಬರೆದಿರುತ್ತಾರೆ, ಸಿಗೋದು ಒಂದು ಕಟಿಂಗ್, ಅಂದರೆ ಅರ್ಧ ಲೋಟ ಅಷ್ಟೇ. ಐದಕ್ಕೆ ಮೂರೂವರೆ ಕೊಡುತ್ತೇನೆ, ಗೈಡ್‌ಗೆ 'ಹಂಸಗೀತೆ' ತೋರಿಸಿದರೆ ನಾಲ್ಕು.